ಇಳಿತದಲ್ಲಿ ಹೋಗಿ ಬೇಸ್ತು ಬಿದ್ದ ಕಥೆ

ಗೆಳೆಯಾ,

ಹಕ್ಕಿ ನೋಡುವ ಪ್ರವಾಸಕ್ಕೆ ಟಿಕೆಟ್ ತೆಗೆಯುವ ಹೊತ್ತಿಗೆ ರಜೆ ಸಿಗಲಿಲ್ಲ ಅಂತ ಕೈಕೊಟ್ಟೆಯಲ್ಲ, ಅದಕ್ಕೆ ಶಿಕ್ಷೆ ಈ ಪತ್ರ. ಪೂರ್ತಿ ಓದು.

ಆಸ್ಟ್ರೇಲಿಯಾದ ಕೇರ್ನ್ಸ್‌ನಲ್ಲಿ ಮೊದಲ ದಿನವೇ ಎಡವಟ್ಟು. ಕತ್ತಲಿರುವಾಗಲೇ ಎದ್ದು ಕಡಲಂಚಿನ ಕಾಲುದಾರಿ ಎಸ್ಪ್ಲನೇಡ್‌ಗೆ ಓಡಿದರೆ ಸಮುದ್ರವೇ ಇಲ್ಲ! ಇಳಿತದ ಹೊತ್ತು. ಎದುರಿಗೆ ಬರೀ ಕೆಸರು, ಅದರ ಆಚೆ ತುದಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು, ಅವೇ ಹಕ್ಕಿಗಳಂತೆ. ಬೈನಾಕ್ಯುಲರ್ ಒತ್ತಿ ಹಿಡಿದು ತಲೆನೋವು ಬಂತು. ಪಕ್ಕದ ಬೆಂಚಿನ ಅಜ್ಜಿ ನಕ್ಕು, ತಿಂಡಿ ತಿಂದು ಬಾ, ನೀರು ಏರಿದರೆ ಅವೇ ಹತ್ತಿರ ಬರುತ್ತವೆ ಅಂದರು.

ಹೌದು ಮಾರಾಯ. ಉಬ್ಬರ ಏರಿದ ಹಾಗೆ ಕೆಸರು ಕಿರಿದಾಗುತ್ತಾ ಬಂತು, ಹಕ್ಕಿಗಳು ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತಾ ಕೊನೆಗೆ ನಮ್ಮ ಕಾಲಡಿಗೇ ಬಂದು ನಿಂತವು. ಪಟ್ಟೆಬಾಲದ ಗಾಡ್ವಿಟ್‌ಗಳು ಉದ್ದ ಕೊಕ್ಕನ್ನು ಹೊಲಿಗೆ ಮೆಷಿನ್ನಿನ ಸೂಜಿ ಥರ ಕೆಸರಿಗೆ ಚುಚ್ಚುತ್ತಿದ್ದವು. 2022ರಲ್ಲಿ ಇದೇ ಜಾತಿಯ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಗೆ 13,560 ಕಿ.ಮೀ. ಹಾರಿತ್ತು. 11 ದಿನ, ಎಲ್ಲೂ ಇಳಿಯದೆ! ನನಗೆ ವಿಮಾನದಲ್ಲಿ ಕೂತೇ ಸೊಂಟ ಹಿಡಿದಿತ್ತು. ತಲೆ ಎತ್ತಿದರೆ ಮೇಲೆ ಗರುಡ, ನಿಮ್ಮೂರ ಮೀನುಪೇಟೆ ಮೇಲೆ ಸುತ್ತುವ ಅದೇ ಜಾತಿಯದ್ದು. ಯಾಕೋ ಸುಮ್ನೆ ಖುಷಿಯಾಯಿತು.

ಉತ್ತರಕ್ಕೆ ಡೇಂಟ್ರಿ ನದಿವರೆಗೂ ಹೋಗಿದ್ದೆವು. ಕೇಬಲ್ ಹಿಡಿದು ಸಾಗುವ ಬಾರ್ಜ್‌ನಲ್ಲಿ ಕಾರು ದಾಟಿಸಿದ್ದು ಬಿಟ್ಟರೆ ಹೇಳುವಂಥದ್ದೇನಿಲ್ಲ. ಕಾಡಿನ ಹಕ್ಕಿಗಳು ಬರೀ ದನಿ ಕೇಳಿಸಿ ಸತಾಯಿಸಿದವು. ಸೊಳ್ಳೆಗಳು ಮಾತ್ರ ಚೆನ್ನಾಗಿ ಕಂಡವು.

ಆಮೇಲೆ ದಕ್ಷಿಣಕ್ಕೆ ಬಂದೆವು. ರಸ್ತೆಯ ಎರಡೂ ಕಡೆ ಕಬ್ಬು, ಬಾಳೆ, ಒಳ್ಳೆ ಮಂಡ್ಯ ಕಡೆ ಹೊರಟ ಹಾಗೆ. ಹಾರಲಾರದ ದೊಡ್ಡ ಹಕ್ಕಿ ಕ್ಯಾಸೊವರಿಯನ್ನು ನೋಡಲೇಬೇಕು ಅಂತ ಎರಡು ದಿನ ಮಿಷನ್ ಬೀಚ್ ಸುತ್ತಿದೆವು. ಸಿಕ್ಕಿದ್ದು ಅದರ ಹಿಕ್ಕೆ! ತುಂಬಾ ಇಡಿ ಇಡೀ ಬೀಜ. ಹಣ್ಣು ನುಂಗಿ ಕಾಡೆಲ್ಲ ಬಿತ್ತುವ ಹಕ್ಕಿ ಅದು. ಸಾಕಾಯಿತು ಅಂತ ವಾಪಸ್ ಹೊರಟು, ಎಟ್ಟಿ ಬೇ ಕಡಲ ದಂಡೆಯಲ್ಲಿ ಕಾರಿನ ಡಿಕ್ಕಿ ತೆಗೆದು ಅವಲಕ್ಕಿ ಕಲಸುತ್ತಿದ್ದೆ ನೋಡು, ಮರಳಿನ ಮೇಲೆ ನಡೆದು ಬಂತು. ನನ್ನಷ್ಟೇ ಎತ್ತರ, ನೀಲಿ ಕತ್ತು, ತಲೆಮೇಲೆ ಕಿರೀಟ, ಕಾಲಲ್ಲಿ ಕಠಾರಿಯಂಥ ಉಗುರು, ಹಿಂದೆ ಎರಡು ಪಟ್ಟೆ ಪಟ್ಟೆ ಮರಿ. ಅದು ಅಪ್ಪ! ಹೆಣ್ಣು ಮೊಟ್ಟೆಯಿಟ್ಟು ಹೊರಟುಬಿಡುತ್ತದಂತೆ, ಕಾವು ಕೊಡುವುದು, ಒಂಬತ್ತು ತಿಂಗಳು ಮರಿ ಸಾಕುವುದು ಎಲ್ಲ ಇವನ ಪಾಲು. ನಾನು ಅವಲಕ್ಕಿ ಪಾತ್ರೆ ಮುಚ್ಚಿ ಕಾರಿನ ಆಚೆ ಬದಿಗೆ ಸರಿದೆ. ಭಯಕ್ಕೂ ಹೌದು, ಅವಕ್ಕೆ ತಿನ್ನಿಸಿದರೆ ದಂಡ ಇದೆ ಅನ್ನುವುದಕ್ಕೂ ಹೌದು. ತಿಂಡಿಯ ರುಚಿ ಹತ್ತಿದರೆ ರಸ್ತೆಬದಿಯಲ್ಲೇ ಓಡಾಡಿ ಕಾರಿಗೆ ಸಿಕ್ಕಿ ಸಾಯುತ್ತವೆ. ಫೋಟೋ? ಇಲ್ಲ. ಕೈಯೆಲ್ಲ ಎಣ್ಣೆ.

ಡಿಸೆಂಬರಿಗೆ ಊರಿಗೆ ಬರುತ್ತೇನೆ. ನಿಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿಗೆ ಸೇರಿತಲ್ವಾ, ಅಲ್ಲಿಗೆ ಹೋಗೋಣ. ಚಿಪ್ಪಿಕಲ್ಲು ಹೆಕ್ಕುವವರ ಹತ್ತಿರ ಉಬ್ಬರ ಇಳಿತದ ಹೊತ್ತು ಕೇಳಿಟ್ಟಿರು. ಈ ಸಲ ರಜೆ ಮೊದಲೇ ಹಾಕು.

ನಿನ್ನ ಗೆಳೆಯ