ಫಿಸಿಯೋಥೆರಪಿಸ್ಟ್‌ಗಳಿಗೂ ಔಷಧಿಯ ಚೀಟಿ ಓದಲು ಬರಬೇಕು

ಮಾನ್ಯ ಸಂಪಾದಕರೇ,

ಫಿಸಿಯೋಥೆರಪಿಯಲ್ಲಿ ಔಷಧಿ ಇಲ್ಲ ಎಂಬುದನ್ನೇ ಅದರ ದೊಡ್ಡ ಗುಣ ಎಂದು ಜನ ಹೊಗಳುತ್ತಾರೆ. ಇರಬಹುದು. ಆದರೆ ನಮ್ಮ ಬಳಿ ಬರುವವರು ಔಷಧಿ ಬಿಟ್ಟು ಬರುವುದಿಲ್ಲವಲ್ಲ? ಮಂಡಿನೋವು ಎಂದು ಬಂದ ಹಿರಿಯರು ಬೆಳಿಗ್ಗೆಯೇ ಬಿಪಿ, ಶುಗರ್, ಹೃದಯ ಎಲ್ಲಕ್ಕೂ ಮಾತ್ರೆ ನುಂಗಿರುತ್ತಾರೆ. ಅದನ್ನು ವಿಚಾರಿಸದೆ ವ್ಯಾಯಾಮ ಶುರು ಮಾಡಿಸುವವರು ಈಗಲೂ ಇದ್ದಾರೆ. ‘ಮಾತ್ರೆ ಬರೆಯುವುದು ಡಾಕ್ಟರ ಕೆಲಸ, ನಮಗ್ಯಾಕೆ?’ ಎಂದು ವಿದ್ಯಾರ್ಥಿಗಳೂ ಕೇಳುತ್ತಾರೆ. ಇದೇ ವೃತ್ತಿಯಲ್ಲಿರುವ ನಾನು ಅದಕ್ಕೆ ಉತ್ತರ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೆಟೊಪ್ರೊಲಾಲ್, ಅಟೆನೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಗಳನ್ನೇ ನೋಡಿ. ಇವು ಎದೆಬಡಿತ ಜಾಸ್ತಿ ಏರಲು ಬಿಡುವುದಿಲ್ಲ. ನಾವಾದರೋ 220ರಲ್ಲಿ ವಯಸ್ಸು ಕಳೆದು, ಅದರ ಶೇ 70 ಎಂದು ಲೆಕ್ಕ ಹಾಕಿ ವ್ಯಾಯಾಮದ ಹೊತ್ತಿನ ಎದೆಬಡಿತದ ಗುರಿ ಇಟ್ಟುಕೊಳ್ಳುತ್ತೇವೆ. 60 ವರ್ಷದವರಿಗೆ ಅದು ನಿಮಿಷಕ್ಕೆ 112. ಈ ಮಾತ್ರೆ ತೆಗೆದುಕೊಳ್ಳುವವರ ನಾಡಿ 95ರ ಹತ್ತಿರವೇ ನಿಂತಿರಬಹುದು, ಅವರು ಆಗಲೇ ಸುಸ್ತಾಗಿರುತ್ತಾರೆ. ಯಂತ್ರದ ಅಂಕಿ ನೋಡಿ ‘ಇನ್ನೂ ಸ್ವಲ್ಪ ಜೋರಾಗಿ’ ಎಂದರೆ ಏನಾಗಬಹುದು? ಇಲ್ಲಿ ನಾಡಿಗಿಂತ ರೋಗಿಯ ಮಾತನ್ನೇ ಹೆಚ್ಚು ನಂಬಬೇಕು. 6ರಿಂದ 20ರವರೆಗಿನ ಬೋರ್ಗ್ ಮಾಪಕ ಇರುವುದೇ ಇದಕ್ಕೆ. ಎಷ್ಟು ಕಷ್ಟವಾಗುತ್ತಿದೆ ಎಂದು ರೋಗಿಯೇ ಅಂಕ ಕೊಡುತ್ತಾರೆ. ಅದೂ ಬೇಡವೆಂದರೆ, ನಡೆಯುತ್ತಾ ಮಾತಾಡಲು ಆಗುತ್ತಿದೆಯೇ ಎಂದು ನೋಡಿದರೂ ಸಾಕು.

ಇದೇ ಮಾತ್ರೆಗೆ ಇನ್ನೊಂದು ಮುಖವಿದೆ. ಶುಗರ್ ಇಳಿದಾಗ ಕೈ ನಡುಗುವುದು, ಎದೆ ಡವಡವ ಎನ್ನುವುದು ಸಾಮಾನ್ಯ. ಬೀಟಾ ಬ್ಲಾಕರ್ ಆ ಎರಡನ್ನೂ ಅಡಗಿಸಬಹುದು. ಬೆವರು ಮಾತ್ರ ಬಂದೇ ಬರುತ್ತದೆ. ಆದರೆ ವ್ಯಾಯಾಮದ ಹೊತ್ತಿನಲ್ಲಿ ಬೆವರನ್ನು ಯಾರು ಅನುಮಾನಿಸುತ್ತಾರೆ? ಅವರು ಇನ್ಸುಲಿನ್ ಕೂಡ ತೆಗೆದುಕೊಳ್ಳುವವರಾಗಿದ್ದು, ಅದನ್ನು ತೊಡೆಗೆ ಚುಚ್ಚಿಕೊಂಡು ತಕ್ಷಣ ಸೈಕಲ್ ತುಳಿದರೆ, ಔಷಧಿ ಬೇಗ ರಕ್ತ ಸೇರಿ ಶುಗರ್ ಇನ್ನೂ ಬೇಗ ಇಳಿಯಬಹುದು. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೆ ವ್ಯಾಯಾಮ ನಿಲ್ಲಿಸಿ ಸಕ್ಕರೆ ಕೊಡಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ಪ್ಯಾಚ್‌ಗಳ ವಿಷಯ ನನಗೆ ಇನ್ನೂ ಜಾಸ್ತಿ ಭಯ ಹುಟ್ಟಿಸುತ್ತದೆ. ತೀವ್ರ ನೋವಿಗೆ ಫೆಂಟನಿಲ್ ಪ್ಯಾಚನ್ನು ಚರ್ಮಕ್ಕೆ ಅಂಟಿಸಿರುತ್ತಾರೆ. ಅದರ ಮೇಲೆ ಬಿಸಿ ಪ್ಯಾಕ್ ಇಟ್ಟರೆ ಔಷಧಿ ಹೆಚ್ಚು ಪ್ರಮಾಣದಲ್ಲಿ, ಬೇಗ ಬೇಗ ದೇಹ ಸೇರುತ್ತದೆ. ಮಂಪರು ಬರುತ್ತದೆ, ಉಸಿರಾಟ ಕುಗ್ಗುತ್ತದೆ, ಜೀವಕ್ಕೇ ಅಪಾಯವಾಗಬಹುದು. ನಾವು ಸುಮ್ನೆ ಸೊಂಟಕ್ಕೆ ಶಾಖ ಕೊಡುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಕಷ್ಟವೇನೆಂದರೆ, ‘ಮಾತ್ರೆ ತಗೋತೀರಾ?’ ಎಂದು ಕೇಳಿದರೆ ಪ್ಯಾಚ್ ಹಚ್ಚಿಕೊಂಡವರು ‘ಇಲ್ಲ’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ನಿಜವೇ ಅಲ್ವಾ? ಆದ್ದರಿಂದ ನುಂಗುವುದು, ಹಚ್ಚುವುದು, ಅಂಟಿಸುವುದು, ಚುಚ್ಚಿಕೊಳ್ಳುವುದು, ಇನ್‌ಹೇಲರ್ ಎಂದು ಬಿಡಿಬಿಡಿಯಾಗಿ ಕೇಳಬೇಕು.

ಔಷಧಿ ಗೊತ್ತಿದ್ದರೆ ಅಪಾಯ ತಪ್ಪುವುದಷ್ಟೇ ಅಲ್ಲ, ಕೆಲಸವೂ ಹಗುರಾಗುತ್ತದೆ. ಪಾರ್ಕಿನ್ಸನ್ ಇರುವವರು ಲೆವೊಡೋಪ ತೆಗೆದುಕೊಂಡು ಅದು ಚೆನ್ನಾಗಿ ಹಿಡಿದಿರುವ ಹೊತ್ತಿನಲ್ಲಿ ಬಂದರೆ ಸರಾಗವಾಗಿ ಹೆಜ್ಜೆ ಹಾಕುತ್ತಾರೆ. ಅದೇ ವ್ಯಕ್ತಿ ಮಾತ್ರೆಯ ಪ್ರಭಾವ ಇಳಿದ ಮೇಲೆ ಬಂದರೆ ಕುರ್ಚಿಯಿಂದ ಏಳುವುದೇ ಕಷ್ಟ. ಸಮಯ ಬದಲಿಸಿದರೆ ಮುಗಿಯುವ ವಿಷಯವನ್ನು ‘ರೋಗಿಗೆ ಉತ್ಸಾಹವಿಲ್ಲ’ ಎಂದು ಬರೆದುಬಿಡುವುದು ಅನ್ಯಾಯ.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರ ಎರಡೂ ತೊಡೆ ನೋಯುತ್ತಿದ್ದರೆ ‘ನಿನ್ನೆಯ ವ್ಯಾಯಾಮದ ನೋವು’ ಎಂದು ತಳ್ಳಿಹಾಕಬಾರದು. ಜೊತೆಗೆ ಮೂತ್ರವೂ ಕಡು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ತುರ್ತು ಪರಿಸ್ಥಿತಿ. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ಇದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. 60 ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅಪಾಯ ಇನ್ನೂ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಒತ್ತಿ ಮಸಾಜ್ ಮಾಡಬಾರದೆಂಬುದು ಎಲ್ಲರಿಗೂ ಗೊತ್ತಿದೆ ಎಂದುಕೊಳ್ಳುತ್ತೇನೆ.

ಹಾಗಂತ ‘ಈ ಮಾತ್ರೆ ಬಿಡಿ’ ಎಂದು ಹೇಳುವ ಹಕ್ಕು ನಮಗಿಲ್ಲ. ಸ್ನಾಯು ಸೆಡೆತಕ್ಕೆ ಕೊಡುವ ಬ್ಯಾಕ್ಲೊಫೆನ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರವೇ ಬರಬಹುದು. ನಾವು ಮಾಡಬೇಕಾದ್ದು ಅಳೆದು ತಿಳಿಸುವುದು. ಮಲಗಿದ್ದಾಗ ಬಿಪಿ ನೋಡಿ, ಎದ್ದು ನಿಂತ 3 ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ಬರೆದು ಕಳಿಸಿ. ‘ತಲೆ ಸುತ್ತುತ್ತದಂತೆ’ ಎಂಬ ಒಂದು ಸಾಲಿಗಿಂತ ಆ ಎರಡು ಅಂಕಿಗಳು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಕಲಿಸುವ ರೀತಿಯೂ ಬದಲಾಗಬೇಕು. ಔಷಧಿಗಳ ಗುಂಪು, ಉಪಗುಂಪು ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಮೇಲೆ ಏನೂ ಉಳಿಯುವುದಿಲ್ಲ. ಒಂದು ಚೀಟಿ ಕೈಗೆ ಕೊಟ್ಟು ‘ಇವರಿಗೆ ಇವತ್ತಿನ ವ್ಯಾಯಾಮದಲ್ಲಿ ಏನು ಬದಲಿಸುತ್ತೀರಿ?’ ಎಂದು ಕೇಳಬೇಕು.

ನಿಮ್ಮಲ್ಲೂ ಒಂದು ಕೋರಿಕೆಯಿದೆ. ವಯಸ್ಸಿಗೆ ತಕ್ಕ ಎದೆಬಡಿತದ ಪಟ್ಟಿಯನ್ನು ಆರೋಗ್ಯ ಪುಟದಲ್ಲಿ ಹಾಕುವಾಗ, ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ ಎಂಬ ಸಾಲನ್ನು ಪಟ್ಟಿಯ ಒಳಗೇ ಸೇರಿಸಿ. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಹಿರಿಯರ ಕಣ್ಣಿಗೆ ಬೀಳುವುದಿಲ್ಲ.

ಇಂತಿ,
ಒಬ್ಬ ಫಿಸಿಯೋಥೆರಪಿಸ್ಟ್