ಬೋರ್ಡ್ ಗೇಮ್ ಮೇಳಕ್ಕೆ ನವೆಂಬರ್ ಸೂಕ್ತ
ಮಾನ್ಯರೇ,

ಕೊಡಗಿನ ಮಡಿಕೇರಿ, ವಿರಾಜಪೇಟೆಯಂಥ ಸಣ್ಣ ಊರುಗಳಲ್ಲಿ ಬೋರ್ಡ್ ಗೇಮ್ ಮೇಳ ನಡೆಸುವವರು ದಿನಾಂಕ ಗೊತ್ತುಪಡಿಸುವ ಮುನ್ನ ಮಳೆ, ಕಾಫಿ, ಬಸ್ಸು ಮೂರನ್ನೂ ಗಮನಿಸಬೇಕು. ಮಳೆಗಾಲದ ತೇವಕ್ಕೆ ರಟ್ಟಿನ ಹಲಗೆಗಳು ಬಾಗುತ್ತವೆ, ಕವರ್ ಹಾಕದ ಕಾರ್ಡ್‌ಗಳು ಅಂಟಿಕೊಳ್ಳುತ್ತವೆ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿನ ಭರಾಟೆ. ಸ್ವಯಂಸೇವಕರು ಸಿಗುವುದು ಕಷ್ಟ. ಬೇಸಿಗೆಯಲ್ಲಿ ನಡೆಯುವ ಕೊಡವ ಕುಟುಂಬಗಳ ಹಾಕಿ ಹಬ್ಬದೊಡನೆ ಪೈಪೋಟಿಯ ಮಾತೇ ಬೇಡ!

ಸಮಯದ ಲೆಕ್ಕವೂ ಮುಖ್ಯ. ‘ಕಟಾನ್’ ಎಂಬ ಬೋರ್ಡ್ ಗೇಮ್‌ಗೆ 60ರಿಂದ 90 ನಿಮಿಷ ಬೇಕು. ಹೊಸಬರಿಗೆ ನಿಯಮ ಹೇಳಿಕೊಡಲು ಮತ್ತೆ 20 ನಿಮಿಷ. ಬಸ್ಸು ಹಿಡಿಯಲು ಒಬ್ಬರು ನಡುವೆ ಎದ್ದರೆ ಉಳಿದವರ ಆಟವೂ ಕೆಡುತ್ತದೆ.

ಆದ್ದರಿಂದ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದು ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬರುವ ಮುನ್ನ, ನವೆಂಬರ್‌ನ ಒಂದು ಭಾನುವಾರ, ಬಸ್ ನಿಲ್ದಾಣದ ಸಮೀಪದ ಸಭಾಂಗಣದಲ್ಲಿ ಮೇಳ ನಡೆಸಲಿ. ಮಧ್ಯಾಹ್ನ 3ರ ಬಳಿಕ ದೀರ್ಘ ಆಟ ಆರಂಭಿಸದೆ, ಮೂರು ಮೇಜಿಗೊಬ್ಬ ನಿಯಮ ಬಲ್ಲವರನ್ನು ನೇಮಿಸಲಿ.

– ಓದುಗ, ವಿರಾಜಪೇಟೆ