ದೇವಯ್ಯನವರ ಬಗ್ಗೆ ಮಾತನಾಡುವ ಮೊದಲು

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೆಪ್ಟೆಂಬರ್ 7ರಂದು ನಮ್ಮ ವಾಯುಪಡೆಯ ಪೈಲಟ್ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರನ್ನು ಕುರಿತು ಕಾಲೇಜಿನಲ್ಲಿ ಮಾತನಾಡಲು ನೀನು ಒಪ್ಪಿಕೊಂಡದ್ದು ತಿಳಿದು ಸಂತೋಷವಾಯಿತು. ಕಳುಹಿಸಿದ ಕರಡನ್ನು ಎರಡು ಸಲ ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ‘ಶತ್ರುವನ್ನು ಕಂಡೊಡನೆ ಅವರ ಕಣ್ಣುಗಳು ಕೆಂಡ ಕಾರಿದವು’ ಎಂಬ ಸಾಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ಆ ಕಣ್ಣುಗಳನ್ನು ಕಂಡವರು ಯಾರು?

ನಿನ್ನನ್ನು ಹಂಗಿಸಲು ಹೀಗೆ ಕೇಳುತ್ತಿಲ್ಲ. ಮೇಷ್ಟರಾಗಿದ್ದಾಗ ನಾನೂ ಒಮ್ಮೆ ಮಕ್ಕಳ ಮುಂದೆ, ದೇವಯ್ಯನವರು ಘೋಷಣೆ ಕೂಗುತ್ತಾ ಎರಗಿದರೆಂದು ಬಣ್ಣಿಸಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಿವೃತ್ತ ಸೈನಿಕರೊಬ್ಬರು ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಲೋಟ ಹಿಡಿದುಕೊಂಡು ಬಂದು, “ಮೇಷ್ಟ್ರೇ, ಆ ವಿಮಾನದಲ್ಲಿ ಒಂದೇ ಸೀಟಿತ್ತಲ್ಲ?” ಎಂದಷ್ಟೇ ಹೇಳಿ ಹೊರಟುಹೋದರು. ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಡೆದದ್ದೇ ಸಾಕಷ್ಟಿದೆ, ಕೇಳು. 1965ರ ಯುದ್ಧದಲ್ಲಿ ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಬೆಳಕು ಹರಿಯುವ ಹೊತ್ತಿಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಆ ದಾಳಿಯ ಮೊದಲ ಪಟ್ಟಿಯವರಲ್ಲ; ಯಾರಾದರೂ ಹಿಂದೆ ಉಳಿದರೆ ಇರಲೆಂದು ಮೀಸಲಿನಲ್ಲಿ ಇಟ್ಟವರು, ಕೊನೆಗೆ ಅವರೂ ಹೊರಟರು. ಅವರಿಗೆ ಆಗ 32 ವರ್ಷ. ಕೊಡಗಿನ ಹುಡುಗ, 1954ರಲ್ಲಿ ವಾಯುಪಡೆ ಸೇರಿ, ಬೇರೆಯವರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದವರು. ಈ ಕೊನೆಯ ಸಂಗತಿಯನ್ನು ನೀನು ಬಿಟ್ಟಿದ್ದೀಯೆ. ನನಗಂತೂ ಇಡೀ ಕಥೆಯ ಬೀಗದ ಕೈ ಅದೇ.

ಏಕೆಂದರೆ ಅವರಿಗೆ ಎದುರಾದದ್ದು ಪಾಕಿಸ್ತಾನದ ಬಳಿಯಿದ್ದ ಅಮೆರಿಕ ನಿರ್ಮಿತ ಯುದ್ಧವಿಮಾನ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ಯಂತ್ರ. ಫ್ರಾನ್ಸಿನ ಮಿಸ್ಟೇರ್ ವೇಗದಲ್ಲಿ ಅದರ ಹತ್ತಿರಕ್ಕೂ ಸುಳಿಯದು. ಆದರೆ ಸ್ಟಾರ್‌ಫೈಟರಿನ ರೆಕ್ಕೆ ಮೋಟು. ನಿಧಾನವಾಗಿ, ಕೆಳಮಟ್ಟದಲ್ಲಿ, ಬಿಗಿಯಾಗಿ ತಿರುಗಬೇಕಾಗಿ ಬಂದರೆ ಅದು ತಿಣುಕುತ್ತದೆ. ಮೊದಲೇ ಏಟು ತಿಂದಿದ್ದ ವಿಮಾನವನ್ನು ದೇವಯ್ಯನವರು ಮನೆಯ ಕಡೆ ತಿರುಗಿಸದೆ ಆ ತಿರುವುಗಳ ಕಾಳಗಕ್ಕೆ ಇಳಿದು, ಬೆನ್ನಟ್ಟಿದವನನ್ನೇ ಹೊಡೆದು ಕೆಡವಿದರು. ಕೆಂಡ ಕಾರುವ ಕಣ್ಣಿಗಿಂತ ಲೆಕ್ಕ ಬಲ್ಲ ಕೈಯ ಕೆಲಸ ಇದು ಎಂಬುದು ನನ್ನ ಎಣಿಕೆ. ಆ ಪೈಲಟ್ ಅಮ್ಜದ್ ಹುಸೇನ್ ಧುಮುಕುಕೊಡೆಯಲ್ಲಿ ಇಳಿದು ಬದುಕಿದರು. ದೇವಯ್ಯನವರು ಮರಳಲಿಲ್ಲ.

ಜೊತೆಗೆ ಹೋದವರು ಯಾರೂ ಇದನ್ನು ಕಣ್ಣಾರೆ ಕಂಡಿರಲಿಲ್ಲ. ಹಾಗಾಗಿ ನಮ್ಮ ಕಡೆ ಅವರು ವರ್ಷಗಟ್ಟಲೆ ‘ಹೋದವರು ಬರಲಿಲ್ಲ’ ಎಂಬ ಒಂದು ಸಾಲಾಗಿಯೇ ಉಳಿದರು. ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ವಿವರ ಕಲೆಹಾಕಿ 1979ರಲ್ಲಿ ಪುಸ್ತಕ ಹೊರತಂದಾಗ, ತಮ್ಮ ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂಬುದು ಎದುರಾಳಿಯ ಬಾಯಿಂದಲೇ ಹೊರಬಿತ್ತು. ಆ ಮಿಸ್ಟೇರ್ ಯಾರದೆಂದು ನಮ್ಮವರು ತಾಳೆ ಹಾಕಿದರು. ದಾಳಿಯ ನಾಯಕರಾಗಿದ್ದ ಓ. ಪಿ. ತನೇಜಾ ಅವರೂ ಅದಕ್ಕಾಗಿ ಓಡಾಡಿದರು. ಮಹಾವೀರ ಚಕ್ರವನ್ನು ದೇವಯ್ಯನವರ ಪತ್ನಿಯ ಕೈಗಿತ್ತದ್ದು 1988ರಲ್ಲಿ, ಅಂದರೆ 23 ವರ್ಷ ಕಳೆದ ಮೇಲೆ. ಆ ಮನೆಯವರು ಅಷ್ಟು ಕಾಲ ಕಾದು ಪಡೆದ ನಿಜದ ಮೇಲೆ ನಾನು, ನೀನು ಸುಣ್ಣಬಣ್ಣ ಬಳಿಯಬಾರದು.

ಅಮ್ಜದರ ಹೆಸರನ್ನು ಗೌರವದಿಂದಲೇ ಹೇಳು, ಸಭೆಯಲ್ಲಿ ಯಾರಾದರೂ ಗೊಣಗಿದರೂ ಚಿಂತೆಯಿಲ್ಲ. ‘ಅಜ್ಜಮಾಡ’ ಎಂಬ ಮನೆತನದ ಹೆಸರನ್ನು ನುಂಗಬೇಡ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವನ್ನು ದಾಟಿಯೇ ನೀನು ಬೆಳೆದದ್ದು. ಐದು ನಿಮಿಷ ಮೀರದಂತೆ ತಿದ್ದಿ, ಭಾನುವಾರದೊಳಗೆ ಇನ್ನೊಮ್ಮೆ ಕಳುಹಿಸು. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಿರಲಿ.

ಇತಿ ನಿನ್ನ ದೊಡ್ಡಪ್ಪ